ಸೋಗೆಗೆ ಬೆಂಕಿ ಇಡೋ ಮುಂಚೆ ಕಡಲಹುಲ್ಲಿನ ಕತೆ ಕೇಳಿ

ಕಬ್ಬು ಕಡಿದ ಮೇಲೆ ಸೋಗೆಗೆ ಬೆಂಕಿ ಇಡೋದು ಮದ್ದೂರು, ಮಳವಳ್ಳಿ ಕಡೆ ಮಾಮೂಲು. ಕೂಲಿ ಉಳಿಯುತ್ತೆ ಅಂತ ನಾನೂ ಇಟ್ಟವನೇ. ಮನಸ್ಸು ಬದಲಾಗಿದ್ದು ಕಡಲಹುಲ್ಲಿನ ಬಗ್ಗೆ ಓದಿದಾಗ.

ನಮ್ಮ ಶಿಂಷಾ ಕಾವೇರಿಗೆ ಸೇರಿ, ಕಾವೇರಿ ಬಂಗಾಳ ಕೊಲ್ಲಿ ಸೇರುತ್ತಲ್ಲ, ಅದರ ದಕ್ಷಿಣಕ್ಕೆ ಪಾಕ್ ಕೊಲ್ಲಿಯಲ್ಲಿ ನೀರೊಳಗೇ ಹುಲ್ಲುಗಾವಲಿದೆ. ಇಂಥ ಹುಲ್ಲಿರೋದು ಲೋಕದ ಸಮುದ್ರತಳದ ಶೇ. 0.2ಕ್ಕಿಂತ ಕಡಿಮೆ ಜಾಗದಲ್ಲಿ. ಆದರೂ ಸಮುದ್ರ ವರ್ಷವೂ ಹೂತಿಡೋ ಇಂಗಾಲದಲ್ಲಿ ಸುಮಾರು ಶೇ. 10 ಇಲ್ಲಿಯದೇ ಅನ್ನೋ ಅಂದಾಜಿದೆ. ಉದುರಿದ ಎಲೆ, ಸತ್ತ ಬೇರು ಕೆಸರಲ್ಲಿ ಹೂತುಹೋಗುತ್ತೆ. ಅಲ್ಲಿ ಆಮ್ಲಜನಕ ಇಲ್ಲ, ಕೊಳೆಯೋದು ಬಲು ನಿಧಾನ.

ನಮ್ಮ ಗದ್ದೆ ಸಮುದ್ರವಲ್ಲ. ಸೋಗೆ ಹೊದಿಸಿದರೂ ಹೆಚ್ಚಿನ ಇಂಗಾಲ ಕೊಳೆತು ಗಾಳಿಗೇ ವಾಪಸ್, ಮಣ್ಣಲ್ಲಿ ನಿಲ್ಲೋದು ಸ್ವಲ್ಪ. ಕಾರ್ಬನ್ ಕ್ರೆಡಿಟ್ ಆಸೆ ತೋರಿಸೋರು ಇದನ್ನ ಹೇಳಲ್ಲ. ಸುಟ್ಟರೆ ಆ ಸ್ವಲ್ಪವೂ ಹೊಗೆ, ಜೊತೆಗೆ ಸಾರಜನಕವೂ.

ಕೂಳೆ ಬೆಳೆಗೆ ನಾನೀಗ ಸಾಲು ಬಿಟ್ಟು ಸಾಲಿಗೆ ಸೋಗೆ ಹರಡಿ, ಸಗಣಿ ಬಗ್ಗಡ, ಸ್ವಲ್ಪ ಯೂರಿಯಾ ಹಾಕಿ ನೀರು ಕಟ್ತೀನಿ. ಮಿಕ್ಕ ಗೊಬ್ಬರ ಖಾಲಿ ಸಾಲಿಗೆ. ಕಳೆ ಕಡಿಮೆ, ವಿ.ಸಿ. ನಾಲೆ ನೀರು ತಡವಾದರೂ ತೇವ ಉಳಿದಿರುತ್ತೆ. ಮೊದಲ ವರ್ಷ ಪಕ್ಕದ ಗದ್ದೆಯ ಬೆಂಕಿ ಹಾರಿ ಅರ್ಧ ಸುಟ್ಟುಹೋಯ್ತು. ಈಗ ಬದುವಿನ ಪಕ್ಕ ಎರಡು ಸಾಲಿಗೆ ಸೋಗೆ ಹಾಕಲ್ಲ.