ಲಿಂಗಹಾರ್ಮೋನುಗಳೂ ಮಿದುಳಿನ ರಕ್ಷಣೆಯೂ

ಈಸ್ಟ್ರೊಜೆನ್ ಎಂಬ ಹೆಸರು ಗ್ರೀಕ್ ಭಾಷೆಯ ‘ಓಯಿಸ್ಟ್ರೋಸ್’ ಎಂಬ ಪದದಿಂದ ಬಂದುದು. ದನಗಳನ್ನು ಕಚ್ಚಿ ಕೆರಳಿಸುವ ಒಂದು ನೊಣಕ್ಕೆ ಆ ಹೆಸರು. ಲಕ್ಷಣೆಯಿಂದ ಉನ್ಮಾದವೆಂಬ ಅರ್ಥವೂ ಅದಕ್ಕುಂಟು. ಹೆಣ್ಣುಪ್ರಾಣಿಯ ಬೆದೆಗೆ ಕಾರಣವಾದ ವಸ್ತುವೆಂದು ಶಾಸ್ತ್ರಜ್ಞರು ಇದನ್ನು ಹೀಗೆ ಕರೆದರು. ಅದೇ ವಸ್ತುವು ಮಿದುಳಿನ ಕೋಶಗಳನ್ನು ನಾಶದಿಂದ ಕಾಯಬಲ್ಲದೆಂಬುದು ಹೆಸರಿಟ್ಟವರ ಊಹೆಗೆ ಬಂದಿರಲಾರದು.

ಲಿಂಗಹಾರ್ಮೋನುಗಳು ಅಂಡಾಶಯ, ವೃಷಣಗಳಲ್ಲಿ ಮಾತ್ರವೇ ಹುಟ್ಟುವುವೆಂಬ ಭಾವನೆ ಈಗ ಉಳಿದಿಲ್ಲ. ಮಿದುಳಿನಲ್ಲಿಯೇ ಅರೋಮಟೇಸ್ ಎಂಬ ಕಿಣ್ವವಿದ್ದು, ಅದು ಟೆಸ್ಟೊಸ್ಟೆರೋನನ್ನು ಈಸ್ಟ್ರಡಯೋಲಾಗಿ, ಎಂದರೆ ಈಸ್ಟ್ರೊಜೆನ್ನಿನ ಪ್ರಬಲ ರೂಪವಾಗಿ, ಮಾರ್ಪಡಿಸುತ್ತದೆ. ಗಂಡಿನ ಮಿದುಳಿನಲ್ಲಿಯೂ ಈ ಕಾರ್ಯ ನಡೆಯುವುದು. ಸಾಮಾನ್ಯವಾಗಿ ಈ ಕಿಣ್ವವನ್ನು ತಯಾರಿಸದ ನಕ್ಷತ್ರಾಕಾರದ ಪೋಷಕಕೋಶಗಳು, ಗಾಯವಾದೊಡನೆ ಅದರ ಸುತ್ತಲೂ ಅದನ್ನು ತಯಾರಿಸತೊಡಗುವುವೆಂದು ಇಲಿಗಳಲ್ಲಿಯೂ ಹಾಡುಹಕ್ಕಿಗಳಲ್ಲಿಯೂ ಕಂಡುಬಂದಿದೆ. ಹೀಗೆ ಹುಟ್ಟಿದ ಈಸ್ಟ್ರಡಯೋಲ್ ನರಕೋಶವನ್ನು ಹೊಕ್ಕು, ಕೋಶವು ತನ್ನನ್ನು ತಾನೇ ಕೊಂದುಕೊಳ್ಳುವ ಕ್ರಿಯೆಗೆ ತಡೆಯೊಡ್ಡುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ; ಉರಿಯೂತವನ್ನೂ ತಗ್ಗಿಸುತ್ತದೆ.

ಇದರ ಜೊತೆಯ ಹಾರ್ಮೋನಾದ ಪ್ರೊಜೆಸ್ಟರೋನಿನ ಕಥೆ ಹೆಚ್ಚು ವಿಚಾರಾರ್ಹವಾದುದು. ತಲೆಗೆ ಪೆಟ್ಟು ಬಿದ್ದಾಗ, ಪ್ರೊಜೆಸ್ಟರೋನ್ ಅಧಿಕವಾಗಿರುವ ಹೆಣ್ಣಿಲಿಗಳಲ್ಲಿ ಮಿದುಳಿನ ಬಾವು ಅತ್ಯಲ್ಪವೆಂಬುದನ್ನು ಅಮೆರಿಕದ ಡೊನಾಲ್ಡ್ ಸ್ಟೈನ್ ಅವರೂ ಅವರ ಸಹೋದ್ಯೋಗಿಗಳೂ ತೋರಿಸಿದರು. 2007ರಲ್ಲಿ ಅಟ್ಲಾಂಟದ ವೈದ್ಯರು, ತಲೆಗೆ ತೀವ್ರವಾಗಿ ಪೆಟ್ಟಾದ 100 ಮಂದಿಯಲ್ಲಿ ಇದನ್ನು ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಿದರು. ಔಷಧ ಪಡೆದವರಲ್ಲಿ ನೂರಕ್ಕೆ 13 ಮಂದಿಯೂ ಪಡೆಯದವರಲ್ಲಿ ನೂರಕ್ಕೆ 30 ಮಂದಿಯೂ 30 ದಿನಗಳೊಳಗೆ ಮೃತರಾಗಿದ್ದರು. ಆಸೆ ಚಿಗುರಿದುದು ಸಹಜವೇ. ಆದರೆ 2014ರಲ್ಲಿ 882 ಮತ್ತು 1195 ರೋಗಿಗಳ ಎರಡು ಮಹಾಪರೀಕ್ಷೆಗಳ ಫಲಿತಾಂಶಗಳು ಹೊರಬಿದ್ದಾಗ, ಎರಡರಲ್ಲಿಯೂ ಪ್ರಯೋಜನವೇನೂ ಕಾಣಲಿಲ್ಲ. ಒಂದೇ ತಳಿಯ ಇಲಿಗಳಿಗೆ ಒಂದೇ ಬಗೆಯ ಪೆಟ್ಟು ಕೊಟ್ಟು ಪಡೆದ ಫಲವು, ರಸ್ತೆಯಲ್ಲಿ ಬಿದ್ದು ಗಂಟೆಗಳು ಕಳೆದಮೇಲೆ ಚಿಕಿತ್ಸೆಗೆ ಬಂದ ನಾನಾ ವಯಸ್ಸಿನವರಿಗೆ ಹೊಂದದಿದ್ದರೆ ಅದು ತೀರ ಆಶ್ಚರ್ಯವಲ್ಲ.

ಮುಪ್ಪಿನ ಮರೆವಿನ ವಿಷಯದಲ್ಲಿ ನಿರಾಸೆ ಇನ್ನೂ ಕಟುವಾದುದು. 65 ವರ್ಷ ದಾಟಿದ 4532 ಸ್ತ್ರೀಯರ ಪರೀಕ್ಷೆಯ ಫಲ 2003ರಲ್ಲಿ ಪ್ರಕಟವಾಯಿತು. ಈಸ್ಟ್ರೊಜೆನ್ನನ್ನೂ ಪ್ರೊಜೆಸ್ಟರೋನನ್ನು ಹೋಲುವ ಕೃತಕ ಹಾರ್ಮೋನನ್ನೂ ಸೇವಿಸಿದವರಲ್ಲಿ 40 ಮಂದಿಗೂ, ಸೇವಿಸದವರಲ್ಲಿ 21 ಮಂದಿಗೂ ಬುದ್ಧಿಭ್ರಂಶ ತಗುಲಿತ್ತು. ಮುಟ್ಟು ನಿಂತ ಹೊಸತರಲ್ಲೇ ಕೊಟ್ಟಿದ್ದರೆ ಫಲಿಸುತ್ತಿತ್ತೆಂದು ಕೆಲವರು ವಾದಿಸಿದರು. ಹಾಗೆ ಕೊಟ್ಟು ನಾಲ್ಕು ವರ್ಷ ನೋಡಿದ ಪರೀಕ್ಷೆಯು 2015ರಲ್ಲಿ ಪ್ರಕಟವಾದಾಗ, ಆ ಸ್ತ್ರೀಯರ ಜ್ಞಾಪಕಶಕ್ತಿಗೆ ಹಾನಿಯೂ ಕಾಣಲಿಲ್ಲ, ಲಾಭವೂ ಕಾಣಲಿಲ್ಲ.