ಮುದುಕನಿಗೆ ಮನಸ್ಸಿರಬಾರದೇ?

ಗೌಡಗೆರೆ: ಅರವತ್ತು ದಾಟಿ, ಮನೆಯಾಕೆ ತೀರಿಹೋದ ಗಂಡಸಿಗೆ ನಮ್ಮ ಹೋಬಳಿಯಲ್ಲಿ ಸಿಗುವುದು ಒಂದು ಜಗಲಿ, ಒಂದು ಕಂಬಳಿ, ಹೊತ್ತಿಗೆ ಮುದ್ದೆ. ಅಷ್ಟು ಸಿಕ್ಕರೆ ಪುಣ್ಯವಂತ ಅಂತಾರೆ. "ಮಾತಾಡೋಕೆ ಒಂದು ಜೀವ ಬೇಕಿತ್ತು" ಅಂತ ಅವನು ಬಾಯಿಬಿಟ್ಟನೋ, ಅರಳಿಕಟ್ಟೆಯಿಂದ ಬಸ್‌ಸ್ಟ್ಯಾಂಡ್‌ವರೆಗೆ ನಗೆಪಾಟಲು. "ಊರು ಹೋಗು ಅಂತದೆ, ಕಾಡು ಬಾ ಅಂತದೆ, ಇವನಿಗೆ ಇದೆಂಥಾ ಶೋಕಿ?"

ಹೆಂಗಸಿನ ಪಾಡಂತೂ ಕೇಳಲೇಬೇಡಿ. ಆಕೆ ಬಾಯಿ ಬಿಡುವಂತೆಯೇ ಇಲ್ಲ.

ಈ ವಿಷಯವನ್ನೇ ಹಿಡಿದ ಚಿತ್ರ ‘ಅಂಬಿ ನಿಂಗ್ ವಯಸ್ಸಾಯ್ತೋ’. ತೆರೆಕಂಡದ್ದು 2018ರ ಸೆಪ್ಟೆಂಬರ್ 27ರಂದು. ನಿರ್ದೇಶಕ ಗುರುದತ್ತ ಗಾಣಿಗ. ಮೂಲ, ಧನುಷ್ ನಿರ್ದೇಶಿಸಿದ 2017ರ ತಮಿಳು ಚಿತ್ರ ‘ಪ ಪಾಂಡಿ’.

ಕಥಾನಾಯಕ ಸಿನಿಮಾದಲ್ಲಿ ಸ್ಟಂಟ್ ಮಾಡಿ ಬದುಕಿದವನು. ಈಗ ಮಗನ ಮನೆಯಲ್ಲಿದ್ದಾನೆ. ಊಟಕ್ಕೆ ಕಮ್ಮಿಯಿಲ್ಲ, ಆದರೆ ಹಾಗಿರು ಹೀಗಿರು ಎಂಬ ಕಟ್ಟಳೆ. ಬೇಸತ್ತು ಬೈಕ್ ಹತ್ತಿ ಮನೆ ಬಿಡುತ್ತಾನೆ, ಹರೆಯದಲ್ಲಿ ಮೆಚ್ಚಿದವಳನ್ನು ಹುಡುಕಿಕೊಂಡು. ಆಕೆ ಸುಹಾಸಿನಿ. ಹರೆಯದ ಅಂಬಿಯಾಗಿ ಸುದೀಪ್.

1972ರ ‘ನಾಗರಹಾವು’ ಚಿತ್ರದಲ್ಲಿ ಹುಡುಗಿಯ ಬೆನ್ನುಬಿದ್ದ ಜಲೀಲನಾಗಿ ಬಂದ ಅಂಬರೀಶ್, 46 ವರ್ಷದ ಮೇಲೆ ನರೆತ ಗಡ್ಡದಲ್ಲಿ ಹಳೆಯ ಗೆಳತಿಯ ಎದುರು ನಿಂತರು. ಚಿತ್ರ ಬಂದು ಎರಡು ತಿಂಗಳು ತುಂಬುವ ಮೊದಲೇ, ನವೆಂಬರ್ 24ರಂದು, 66ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಸೀಮೆಯ ಪೌರಾಣಿಕ ನಾಟಕಗಳಲ್ಲಿ ಅರವತ್ತರ ಯಜಮಾನರು ಬಣ್ಣ ಹಚ್ಚಿ ಹರೆಯದ ಅರ್ಜುನನಾದರೆ ಜನ ಶಿಳ್ಳೆ ಹೊಡೀತಾರೆ. ಬೆಳಗಾಗಿ ಬಣ್ಣ ತೊಳೆದ ಮೇಲೆ ಅದೇ ಯಜಮಾನರಿಗೆ ಮನಸ್ಸೇ ಇರಬಾರದು ಅಂದರೆ ಇದ್ಯಾವ ನ್ಯಾಯ?

ಒಳಗಿನ ಮಾತು ಬೇರೆಯೇ ಇದೆ. ಮಕ್ಕಳಿಗೆ ನಾಚಿಕೆಗಿಂತ ಭಯ ಜಾಸ್ತಿ, ಪಹಣಿಗೆ ಇನ್ನೊಂದು ಹೆಸರು ಸೇರೀತು ಎಂದು. ಜಮೀನಿನ ಲೆಕ್ಕವನ್ನು ಮಾನದ ಲೆಕ್ಕ ಅಂತ ಹೇಳ್ತಾರೆ, ಅಷ್ಟೇ.

ಕಾನೂನು ಮದುವೆಗೆ ಕನಿಷ್ಠ ವಯಸ್ಸು ಹೇಳಿದೆ, ಗರಿಷ್ಠ ವಯಸ್ಸು ಹೇಳಿಲ್ಲ. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯಿದೆಯಂತೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಶಿರಾ ತಾಲೂಕಿನವರಿಗೆ ಆ ಕಚೇರಿ ಮಧುಗಿರಿಯಲ್ಲಿ. ಊಟ, ಬಟ್ಟೆ, ವಸತಿ, ಔಷಧಿಗೆ ಆದೇಶ ಸಿಗುತ್ತದೆ. ಸಂಜೆ ಹೊತ್ತು ಜೊತೆಗೆ ಕೂತು ಮಾತಾಡಿ ಅಂತ ಯಾವ ಸಾಹೇಬರೂ ಆರ್ಡರ್ ಬರೆಯಲಾರರು. ಅದನ್ನು ಮನೆಯವರೇ ಮಾಡಬೇಕು.

ಅಂಬರೀಶ್ ತೀರಿದ ಮೇಲೆ, 2019ರಲ್ಲಿ, ಅವರು ಭೀಷ್ಮನಾಗಿ ನಟಿಸಿದ ‘ಕುರುಕ್ಷೇತ್ರ’ ಬಂತು. ಭೀಷ್ಮನ ಕಥೆ ನಮ್ಮೂರ ಮಕ್ಕಳಿಗೂ ಗೊತ್ತು. ಬೆಳೆದ ಮಗನಿದ್ದ ತಂದೆ ಸತ್ಯವತಿಯನ್ನು ಬಯಸಿದಾಗ, ಮಗ ನಗಲಿಲ್ಲ. ರಾಜ್ಯವನ್ನೇ ಬಿಟ್ಟುಕೊಟ್ಟು ಅಪ್ಪನಿಗೆ ಮದುವೆ ಮಾಡಿಸಿದ. ಅಷ್ಟು ದೊಡ್ಡ ತ್ಯಾಗ ಇಂದಿನ ಮಕ್ಕಳನ್ನು ಯಾರೂ ಕೇಳುತ್ತಿಲ್ಲ. ನಗದಿದ್ದರೆ ಸಾಕು.