ಕಬ್ಬಿನ ಸಿಪ್ಪೆಯ ಆಶ್ರಯದಲ್ಲಿ ಮದ್ಯಸಾರದ ತಯಾರಿಕೆ

ಈಚಲುಮರಕ್ಕೆ ಕಟ್ಟುವ ಮಡಕೆಯನ್ನು ಚೆನ್ನಾಗಿ ತೊಳೆಯದಿದ್ದರೆ, ಇಳಿದ ಸಿಹಿರಸವು ಬೇಗನೆ ನೊರೆಯೆದ್ದು ಹುಳಿಯುವುದೆಂಬುದು ಗ್ರಾಮಸ್ಥರು ಬಲ್ಲ ಸಂಗತಿಯೇ ಸರಿ. ಮಡಕೆಯ ಒಳಮೈಗೆ ಅಂಟಿಕೊಂಡಿದ್ದ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಬಿಡುವುವು. ಜೀವಿಗಳಿಗೆ ಹೀಗೆ ನೆಲೆಯೊದಗಿಸಿ ಕೆಲಸ ಪಡೆಯುವ ಉಪಾಯವು ಹೊಸದಲ್ಲ. ಜರ್ಮನಿಯಲ್ಲಿ 1823ರಷ್ಟು ಹಿಂದೆಯೇ ಷೂಟ್ಸೆನ್‌ಬಾಖ್ ಎಂಬವರು ಮರದ ಚಕ್ಕೆಗಳ ಮೇಲೆ ಮದ್ಯವನ್ನು ಹನಿಸಿ ಶೀಘ್ರವಾಗಿ ವಿನೆಗರ್ ತಯಾರಿಸಿದರು. ಈಗ ಯೀಸ್ಟನ್ನು ಕಬ್ಬಿನ ಸಿಪ್ಪೆಯ ಮೇಲೆ ನೆಲೆಗೊಳಿಸಿ, ಕಾಕಂಬಿಯಿಂದ ಮದ್ಯಸಾರವನ್ನು ಪಡೆಯುವ ಕ್ರಮವು ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಲ್ಪಟ್ಟಿದೆ.

ವಾಡಿಕೆಯ ಕ್ರಮದಲ್ಲಿ ಯೀಸ್ಟ್, ಹುಳಿತ ರಸದೊಡನೆ ತೊಟ್ಟಿಯಿಂದ ಹೊರಹೋಗುವುದು. ಅದನ್ನು ಬೇರ್ಪಡಿಸಿ ಹಿಂದಕ್ಕೆ ತರಬೇಕು, ಇಲ್ಲವೆ ಹೊಸದಾಗಿ ಬೆಳಸಬೇಕು. ಸಿಪ್ಪೆಯ ಕ್ರಮದಲ್ಲಿ ಈ ಶ್ರಮವು ಬಹುಮಟ್ಟಿಗೆ ತಪ್ಪುವುದು. ಸಿಪ್ಪೆಯನ್ನು ಸಣ್ಣಗೆ ಕತ್ತರಿಸಿ, ಬಿಸಿನೀರಿನಲ್ಲಿ ತೊಳೆದು, ಆವಿಯಲ್ಲಿ ಬೇಯಿಸಿ ಅನ್ಯ ಕ್ರಿಮಿಗಳನ್ನು ನಾಶಪಡಿಸಿ, ಆರಿದ ಮೇಲೆ ಯೀಸ್ಟ್ ಬೆಳೆದಿರುವ ರಸದಲ್ಲಿ ನೆನೆಯಿಡತಕ್ಕದ್ದು. ನಾರಿನ ಒರಟು ಮೈಗೂ ರಂಧ್ರಗಳಿಗೂ ಯೀಸ್ಟ್ ಅಂಟಿಕೊಳ್ಳುವುದು. ಬಳಿಕ ನೀರು ಬೆರೆಸಿ ತೆಳುಮಾಡಿದ ಕಾಕಂಬಿಯನ್ನು ಸುಮಾರು 30 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಹಾಯಿಸಿದರೆ, ಹುಳಿತ ರಸವು ಹೊರಬಂದರೂ ಯೀಸ್ಟಿನ ಹೆಚ್ಚಿನ ಭಾಗವು ಅಲ್ಲಿಯೇ ನಿಂತು ಮುಂದಿನ ಸರದಿಗೆ ಒದಗುವುದು.

ಸಿಪ್ಪೆಯೇ ಮದ್ಯಸಾರವಾಗುವುದೆಂದು ಯಾರೂ ಭ್ರಮಿಸಬಾರದು. ಅದು ಯೀಸ್ಟಿಗೆ ಮನೆಯೇ ಹೊರತು ಆಹಾರವಲ್ಲ. ನಾರನ್ನು ಸಕ್ಕರೆಯಾಗಿ ಒಡೆಯುವ ಶಕ್ತಿಯು ಯೀಸ್ಟಿಗಿಲ್ಲ. ಯಾವ ಕ್ರಮದಿಂದಲೇ ಆಗಲಿ, 100 ತೂಕ ಗ್ಲೂಕೋಸಿನಿಂದ ಬರುವ ಮದ್ಯಸಾರವು ಸುಮಾರು 51 ತೂಕವನ್ನು ಮೀರದು. ಲಾಭವಿರುವುದು ವೇಳೆಯಲ್ಲಿಯೂ ಯೀಸ್ಟಿನ ಉಳಿತಾಯದಲ್ಲಿಯೂ ಮಾತ್ರ. ವಾಯುವಿನ ಗುಳ್ಳೆಗಳು ಸಿಪ್ಪೆಯ ನಡುವೆ ಸಿಕ್ಕಿ ರಸದ ಹರಿವನ್ನು ತಡೆಯುವುದುಂಟು. ಕೆಟ್ಟ ಕ್ರಿಮಿಗಳು ಒಮ್ಮೆ ನೆಲೆಯೂರಿದರೆ ಸಿಪ್ಪೆಯನ್ನೆಲ್ಲ ಬದಲಾಯಿಸಬೇಕಾದೀತು.

ಪರವಾನಗಿಯಿಲ್ಲದೆ ಭಟ್ಟಿಯಿಳಿಸುವುದು ಅಪರಾಧವಾದುದರಿಂದ ಇದು ಮನೆಯಲ್ಲಿ ಮಾಡತಕ್ಕ ಕೆಲಸವಲ್ಲ. ಆದರೂ ಗ್ರಾಮದ ಮುಖಂಡರಿಗೆ ಇದರಲ್ಲಿ ಸಂಬಂಧವಿದೆ. ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವ ಕಾರ್ಯವು ದೇಶದಲ್ಲಿ 2003ರಲ್ಲಿ ಆರಂಭವಾಗಿ, 2025ರ ವೇಳೆಗೆ ನೂರಕ್ಕೆ 20 ಭಾಗವನ್ನು ಮುಟ್ಟಿತು. ಕಬ್ಬಿನ ಸೀಮೆಗಳಲ್ಲಿ ಭಟ್ಟಿಗಳೂ ಹೆಚ್ಚಿವೆ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರವನ್ನು ಇಳಿಸುವಾಗ 8ರಿಂದ 15 ಲೀಟರಿನಷ್ಟು ಕಪ್ಪು ಕೊಳೆನೀರು ಉಳಿಯುವುದು. ಯೀಸ್ಟನ್ನು ಸಿಪ್ಪೆಯಲ್ಲಿ ನಿಲ್ಲಿಸಿದ ಮಾತ್ರಕ್ಕೆ ಇದು ಇಲ್ಲವಾಗದು. ಹಾಗೆಯೇ ಹರಿಯಬಿಟ್ಟರೆ ಕೆರೆಯ ಮೀನು ಸಾಯುವುದು, ಬಾವಿಯ ನೀರು ಬಣ್ಣಗೆಡುವುದು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ಡಿನೊಡನೆ ಕ್ರಮವಾಗಿ ಕೊಳೆಯಿಸಿದರೆ ಅದೇ ನೀರು ಗೊಬ್ಬರಕ್ಕೆ ಒದಗುವುದು. ಆದಕಾರಣ ಊರ ಬಳಿ ಭಟ್ಟಿಗೆ ಜಮೀನು ಕೇಳಿಬಂದವರನ್ನು, ಕೊಳೆನೀರು ಎಲ್ಲಿಗೆ ಹೋಗುವುದೆಂದು ಕ್ರಯಪತ್ರಕ್ಕೆ ರುಜು ಹಾಕುವ ಮುನ್ನವೇ ವಿಚಾರಿಸತಕ್ಕದ್ದು.